ಅಂಟಿಸಿದ ಸಾಲುಗಳು

ವೆಬ್ ಡೆವಲಪರ್ ಅನ್ನಿಸಿಕೊಂಡ ಯಾರ ಕಂಪ್ಯೂಟರನ್ನು ತೆರೆದರೂ ಒಂದು ಫೈಲ್ ಸಿಕ್ಕೇ ಸಿಗುತ್ತದೆ. ಅದರ ಹೆಸರು ನೋಟ್ಸ್ ಎಂದಿರಬಹುದು, ಟೆಂಪ್ ಎಂದಿರಬಹುದು, ‘ಹೊಸದು 2’ ಎಂದೂ ಇರಬಹುದು. ಒಳಗಿನ ಸರಕು ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಗಿಟ್‌ನಲ್ಲಿ ಕೊನೆಯ ಕಮಿಟ್ ಹಿಂದಕ್ಕೆ ತೆಗೆಯುವ ಆಜ್ಞೆ, ಎಂಜಿನ್ಎಕ್ಸ್ ಸರ್ವರನ್ನು ನಿಲ್ಲಿಸದೆ ರೀಲೋಡ್ ಮಾಡುವ ಆಜ್ಞೆ, ಡೇಟಾಬೇಸಿನ ಬ್ಯಾಕಪ್ ತೆಗೆಯುವ ಸಾಲು, ಪರದೆಯ ನಟ್ಟನಡುವೆ ಒಂದು ಡಬ್ಬಿಯನ್ನು ಕೂರಿಸುವ ಸಿಎಸ್ಎಸ್, ಹೊಸ ಲ್ಯಾಪ್‌ಟಾಪ್ ಬಂದಾಗ ಏನೇನು ಇನ್‌ಸ್ಟಾಲ್ ಮಾಡಬೇಕೆಂಬ ಪಟ್ಟಿ, ಇವೆಲ್ಲದರ ನಡುವೆ ಅಲ್ಲಿ ಇರಲೇಬಾರದಿದ್ದ ಒಂದು ಪಾಸ್‌ವರ್ಡ್. ಇಂಥ ಫೈಲ್ ಇಟ್ಟುಕೊಳ್ಳುವುದರಲ್ಲಿ ನಾಚಿಕೆ ಪಡುವಂಥದ್ದೇನೂ ಇಲ್ಲ. ಟಾರ್ ಕಟ್ಟನ್ನು ಬಿಚ್ಚುವುದಕ್ಕೆ ಯಾವ ಯಾವ ಅಕ್ಷರ ಕೊಡಬೇಕು ಎಂಬುದನ್ನು ನೆನಪಿಟ್ಟುಕೊಂಡವರು ಅದನ್ನು ನೆನಪಿಡದವರಿಗಿಂತ ಉತ್ತಮ ಎಂಜಿನಿಯರ್ ಆಗಿಬಿಡುವುದಿಲ್ಲ. ಬಾಯಿಪಾಠವನ್ನು ಜ್ಞಾನವೆಂದು ತಿಳಿಯುವ ಹಳೆಯ ಚಾಳಿ ನಮ್ಮ ಶಾಲೆಗಳಿಂದ ಸಾಫ್ಟ್‌ವೇರ್ ಇಂಟರ್‌ವ್ಯೂಗಳಿಗೂ ಬಂದಿದೆ, ಆ ಮಾತು ಬೇರೆ. ನನ್ನ ತಕರಾರು ಈ ಫೈಲಿನಲ್ಲಿ ಇರುವುದರ ಬಗ್ಗೆ ಅಲ್ಲ, ಇಲ್ಲದಿರುವುದರ ಬಗ್ಗೆ. ಸಾಲು ಇರುತ್ತದೆ, ಅದು ಯಾವ ತೊಂದರೆಗೆ ಬೇಕಾಯಿತು, ಯಾವ ಆವೃತ್ತಿಯಲ್ಲಿ ಕೆಲಸ ಮಾಡಿತು, ಎಂದಿನವರೆಗೆ ಬೇಕು ಎನ್ನುವ ಮಾತು ಇರುವುದಿಲ್ಲ. ಕಪಾಟಿನಲ್ಲಿ ಚೀಟಿ ಕಿತ್ತುಹೋದ ಔಷಧದ ಬಾಟಲಿ ಇದ್ದ ಹಾಗೆ: ಯಾವ ಕಾಯಿಲೆಯದೋ ಗೊತ್ತಿಲ್ಲ, ಅವಧಿ ಮುಗಿದಿದೆಯೋ ಗೊತ್ತಿಲ್ಲ, ಎಸೆಯಲು ಮಾತ್ರ ಯಾರಿಗೂ ಧೈರ್ಯವಿಲ್ಲ.

ಕ್ಲಿಯರ್‌ಫಿಕ್ಸ್ ಎಂಬ ತುಣುಕನ್ನೇ ತೆಗೆದುಕೊಳ್ಳೋಣ. ಒಂದು ಕಾಲದಲ್ಲಿ ವೆಬ್ ಪುಟಗಳಲ್ಲಿ ಕಾಲಂಗಳನ್ನು ಅಕ್ಕಪಕ್ಕ ನಿಲ್ಲಿಸಲು ಫ್ಲೋಟ್ ಬಿಟ್ಟರೆ ಹೆಚ್ಚು ದಾರಿಗಳಿರಲಿಲ್ಲ. ಚಿತ್ರದ ಸುತ್ತ ಅಕ್ಷರ ಹರಿಯಲೆಂದು ಮಾಡಿದ ಸೌಲಭ್ಯವನ್ನು ಇಡೀ ಪುಟದ ವಿನ್ಯಾಸಕ್ಕೆ ದುಡಿಸಿಕೊಂಡದ್ದರಿಂದ ಒಂದು ತೊಡಕು ಹುಟ್ಟಿತು. ಒಳಗಿನ ಡಬ್ಬಿಗಳೆಲ್ಲ ತೇಲಿದಾಗ ಹೊರಗಿನ ಡಬ್ಬಿಗೆ ತನ್ನೊಳಗೆ ಏನೂ ಇಲ್ಲವೆನಿಸಿ ಅದರ ಎತ್ತರ ಸೊನ್ನೆಗೆ ಕುಸಿಯುತ್ತಿತ್ತು. ಅದನ್ನು ಸರಿಪಡಿಸಲು ಡಬ್ಬಿಯ ಕೊನೆಗೆ ಕಾಣದ ಒಂದು ಅಂಶವನ್ನು ಸೇರಿಸಿ, ಅದಕ್ಕೆ ‘ಎರಡೂ ಕಡೆ ಖಾಲಿ ಮಾಡು’ ಎಂದು ಹೇಳುತ್ತಿದ್ದರು. ನಿಕೋಲಸ್ ಗ್ಯಾಲಘರ್ 2011ರಲ್ಲಿ ಇದರ ಪುಟ್ಟ ರೂಪವೊಂದನ್ನು ಕೊಟ್ಟರು; ಲಕ್ಷಾಂತರ ಪುಟಗಳಲ್ಲಿ ಅದೇ ಓಡಾಡಿತು. ಅದರ ಕೊನೆಯಲ್ಲಿ ನಕ್ಷತ್ರ ಚಿಹ್ನೆ ಹಚ್ಚಿದ ‘ಝೂಮ್: 1’ ಎಂಬ ಸಾಲಿತ್ತು. ಅದು ಇಂಟರ್ನೆಟ್ ಎಕ್ಸ್‌ಪ್ಲೋರರಿನ 6 ಮತ್ತು 7ನೇ ಆವೃತ್ತಿಗಳಿಗೆ ಮಾತ್ರ. ಆ ಬ್ರೌಸರುಗಳು ನಕ್ಷತ್ರವನ್ನು ಲೆಕ್ಕಿಸದೆ ಸಾಲನ್ನು ಓದುತ್ತಿದ್ದವು, ಉಳಿದವು ತಪ್ಪು ಬರಹವೆಂದು ಬಿಟ್ಟು ಮುಂದೆ ಹೋಗುತ್ತಿದ್ದವು. ಅವುಗಳ ತಪ್ಪನ್ನೇ ಅವುಗಳ ಮದ್ದನ್ನಾಗಿ ಮಾಡಿದ ಈ ಯುಕ್ತಿ ನಿಜಕ್ಕೂ ಚೆಂದವಾಗಿತ್ತು. ಆದರೆ 2017ರಲ್ಲಿ ಕ್ರೋಮ್ ಮತ್ತು ಫೈರ್‌ಫಾಕ್ಸ್ ‘ಫ್ಲೋ-ರೂಟ್’ ಎಂಬ ಒಂದೇ ಪದದಲ್ಲಿ ಈ ಕೆಲಸ ಮುಗಿಸಲು ಕಲಿತವು. ಅಷ್ಟರೊಳಗೆ ಫ್ಲೆಕ್ಸ್‌ಬಾಕ್ಸ್ ಬಂದು ಫ್ಲೋಟಿನಿಂದ ವಿನ್ಯಾಸ ಮಾಡುವ ಅಗತ್ಯವೇ ಹೋಗಿತ್ತು. 2022ರ ಜೂನ್ 15ರಂದು ಮೈಕ್ರೋಸಾಫ್ಟ್ ಇಂಟರ್ನೆಟ್ ಎಕ್ಸ್‌ಪ್ಲೋರರ್ 11ಕ್ಕೂ ವಿದಾಯ ಹೇಳಿತು. ಇಷ್ಟೆಲ್ಲ ಆದಮೇಲೂ ನಕ್ಷತ್ರದ ಆ ಸಾಲು ಎಷ್ಟೋ ಟಿಪ್ಪಣಿಗಳಲ್ಲಿ, ಎಷ್ಟೋ ಸ್ಟೈಲ್‌ಶೀಟುಗಳಲ್ಲಿ ಇನ್ನೂ ಕೂತಿದೆ. ‘ಐಇ 7ಕ್ಕಾಗಿ’ ಎಂಬ ಎರಡು ಪದ ಪಕ್ಕದಲ್ಲಿ ಇದ್ದಿದ್ದರೆ ಯಾರಾದರೂ ಎಂದೋ ಅಳಿಸುತ್ತಿದ್ದರು. ಇಲ್ಲದ್ದರಿಂದ ‘ಇರಲಿ ಬಿಡು, ಯಾತಕ್ಕೋ ಇದೆ’ ಎಂದು ಎಲ್ಲರೂ ದಾಟಿ ಹೋಗುತ್ತಾರೆ.

ಇದು ನಿರುಪದ್ರವಿ ಉದಾಹರಣೆ. ಸತ್ತ ಸಾಲು ಜಾಗ ತಿನ್ನುತ್ತದೆ, ಅಷ್ಟೇ. ಕಾರಣ ಮರೆತ ಸಾಲು ಹಾನಿಯನ್ನೂ ಮಾಡಬಲ್ಲದು. 2021ರ ಅಕ್ಟೋಬರಿನಲ್ಲಿ ನೋಡ್ 17 ಬಂತು. ಅದರೊಳಗೆ ಓಪನ್ಎಸ್ಎಸ್ಎಲ್ 3 ಇತ್ತು. ಎಂಡಿ4 ಎಂಬ ಹಳೆಯ, ದುರ್ಬಲ ಹ್ಯಾಶ್ ವಿಧಾನವನ್ನು ಆ ಆವೃತ್ತಿ ‘ಲೆಗಸಿ’ ಎಂಬ ಮೂಲೆಗೆ ಸರಿಸಿತ್ತು. ವೆಬ್‌ಪ್ಯಾಕ್ 4 ತನ್ನ ಒಳಗಿನ ಲೆಕ್ಕಕ್ಕೆ ಅದೇ ಎಂಡಿ4 ಬಳಸುತ್ತಿದ್ದುದರಿಂದ ನೋಡ್ ಏರಿಸಿದವರ ಬಿಲ್ಡ್‌ಗಳು ಒಂದೇ ಬಗೆಯ ಎರರ್ ಕೊಟ್ಟು ನಿಂತವು. ಪರಿಹಾರವಾಗಿ ಎಲ್ಲೆಡೆ ಹರಡಿದ್ದು ಒಂದು ಸಾಲು: ನೋಡ್‌ಗೆ ‘ಲೆಗಸಿ ಪ್ರೊವೈಡರ್ ಬಳಸು’ ಎಂದು ಹೇಳುವ ಫ್ಲ್ಯಾಗ್. ಅಂಟಿಸಿದರೆ ಬಿಲ್ಡ್ ಓಡುತ್ತದೆ, ಆ ಸಂಜೆಯ ಡೆಮೊ ನಡೆಯುತ್ತದೆ. ಆದರೆ ಆ ಸಾಲಿನ ಅರ್ಥವೇನು? ಬೇಡವೆಂದು ಬದಿಗಿಟ್ಟ ಹಳೆಯ ವಿಧಾನಗಳನ್ನು ಆ ನೋಡ್ ಪ್ರೋಗ್ರಾಮಿಗೆ ಮತ್ತೆ ತೆರೆದುಕೊಡು ಎಂದು. ಬಿಲ್ಡ್‌ಗೆ ಮಾತ್ರ ಹಾಕಿದರೆ ಅಂಥ ಅಪಾಯವಿಲ್ಲ. ಅದನ್ನೇ ಸರ್ವರಿನ ಎನ್ವಿರಾನ್‌ಮೆಂಟಿನಲ್ಲಿ ಕೂರಿಸಿಬಿಟ್ಟರೆ ಸಂಬಂಧವೇ ಇಲ್ಲದ ಪ್ರೋಗ್ರಾಮುಗಳಿಗೂ ಆ ಸಡಿಲಿಕೆ ಅಂಟಿಕೊಳ್ಳುತ್ತದೆ. ಇದರ ಪಕ್ಕದಲ್ಲಿ ಹೀಗೆ ಬರೆದಿಟ್ಟರೆ ಸಾಕಿತ್ತು: ‘ನೋಡ್ 17ಕ್ಕೆ ಏರಿಸಿದಾಗ ಬಿಲ್ಡ್ ನಿಂತಿತು. ವೆಬ್‌ಪ್ಯಾಕ್ 4ರ ಎಂಡಿ4 ಕಾರಣ. ಬಿಲ್ಡ್‌ಗೆ ಮಾತ್ರ. ವೆಬ್‌ಪ್ಯಾಕ್ 5ಕ್ಕೆ ಹೋದಮೇಲೆ ತೆಗೆದು ನೋಡುವುದು.’ ನಾಲ್ಕು ತುಂಡು ವಾಕ್ಯ. ಎರಡು ವರ್ಷದ ನಂತರ ಆ ಪ್ರಾಜೆಕ್ಟಿಗೆ ಬರುವ ಹೊಸಬರಿಗೆ ಯಾರನ್ನೂ ಕೇಳದೆ ತೀರ್ಮಾನ ಮಾಡಲು ಇಷ್ಟು ಸಾಕು.

ಲಿನಕ್ಸ್ ಸರ್ವರುಗಳಲ್ಲಿ ಇದಕ್ಕಿಂತ ಹಳೆಯ ಪಾಪವೊಂದಿದೆ: ಸಿಎಚ್‌ಮಾಡ್ 777. ಫೋಲ್ಡರಿಗೆ ಅಪ್‌ಲೋಡ್ ಆಗುತ್ತಿಲ್ಲ, ‘ಪರ್ಮಿಶನ್ ಡಿನೈಡ್’ ಎನ್ನುತ್ತದೆ. ಟಿಪ್ಪಣಿಯಲ್ಲಿರುವ ಈ ಸಾಲನ್ನು ಅಂಟಿಸಿದ ಕೂಡಲೇ ಸರಿಹೋಗುತ್ತದೆ. ಮೂರು ಅಂಕಿಗಳಲ್ಲಿ ಮೊದಲನೆಯದು ಫೋಲ್ಡರಿನ ಮಾಲೀಕನಿಗೆ, ಎರಡನೆಯದು ಅವನ ಗುಂಪಿಗೆ, ಮೂರನೆಯದು ಉಳಿದ ಎಲ್ಲರಿಗೆ. ಓದಲು 4, ಬರೆಯಲು 2, ನಡೆಸಲು 1, ಕೂಡಿದರೆ 7. ಅಂದರೆ ಆ ಯಂತ್ರದಲ್ಲಿರುವ ಯಾರು ಬೇಕಾದರೂ ಅಲ್ಲಿ ಏನು ಬೇಕಾದರೂ ಮಾಡಬಹುದು. ಮೂಲ ತೊಂದರೆ ಬಹುಮಟ್ಟಿಗೆ ಇಷ್ಟೇ ಇರುತ್ತದೆ: ಉಬುಂಟುವಿನಲ್ಲಿ ವೆಬ್ ಸರ್ವರ್ ಓಡುವುದು ಡಬ್ಲ್ಯುಡಬ್ಲ್ಯುಡಬ್ಲ್ಯು-ಡೇಟಾ ಎಂಬ ಬಳಕೆದಾರನ ಹೆಸರಿನಲ್ಲಿ, ಫೋಲ್ಡರ್ ಇರುವುದು ಇನ್ನೊಬ್ಬನ ಹೆಸರಿನಲ್ಲಿ. ಮಾಲೀಕನನ್ನು ಸರಿಪಡಿಸಿದರೆ ಫೋಲ್ಡರಿಗೆ 755, ಫೈಲಿಗೆ 644 ಸಾಕು. ವರ್ಡ್‌ಪ್ರೆಸ್ ಕೂಡ ಸಾಮಾನ್ಯವಾಗಿ ಅದನ್ನೇ ಹೇಳುತ್ತದೆ. ಕಾರಣ ಬರೆದಿಡುವ ರೂಢಿ ಇದ್ದವರು ಇಲ್ಲಿ ಸಿಕ್ಕಿಬೀಳುವುದು ಕಡಿಮೆ, ಏಕೆಂದರೆ ಬರೆಯಲು ಕೂತಾಗಲೇ ಕೈ ತಡೆಯುತ್ತದೆ. ‘ಇದು ಯಾಕೆ ಕೆಲಸ ಮಾಡಿತು?’ ಎಂಬುದಕ್ಕೆ ‘ಎಲ್ಲರಿಗೂ ಎಲ್ಲ ಅನುಮತಿ ಕೊಟ್ಟದ್ದರಿಂದ’ ಎಂದು ಅಕ್ಷರದಲ್ಲಿ ಬರೆದಮೇಲೆ ಅದನ್ನು ಹಾಗೆಯೇ ಬಿಟ್ಟು ಎದ್ದುಹೋಗುವುದು ಕಷ್ಟ.

ಕನ್ನಡದಲ್ಲಿ ಪುಟ ಕಟ್ಟುವವರಿಗೆ ಈ ವಿಷಯ ಇನ್ನಷ್ಟು ಹತ್ತಿರದ್ದು. ತುಣುಕು ಬರೆದವರು ಯಾವ ಲೋಕವನ್ನು ಕಣ್ಣಮುಂದೆ ಇಟ್ಟುಕೊಂಡಿದ್ದರು ಎಂಬುದು ತುಣುಕಿನ ಮೇಲೆ ಬರೆದಿರುವುದಿಲ್ಲ. ಲೇಖನದ ಶೀರ್ಷಿಕೆಯಿಂದ ವೆಬ್ ವಿಳಾಸದ ಬಾಲವನ್ನು, ಅಂದರೆ ಸ್ಲಗ್ ಎನ್ನುವುದನ್ನು, ತಯಾರಿಸುವ ಒಂದು ಜಾವಾಸ್ಕ್ರಿಪ್ಟ್ ಸಾಲು ಎಲ್ಲರ ಬಳಿಯೂ ಇದೆ. ಅದು ಮಾಡುವುದಿಷ್ಟು: ಎಲ್ಲವನ್ನೂ ಸಣ್ಣಕ್ಷರ ಮಾಡು, ಎ ಇಂದ ಝಡ್ ವರೆಗಿನ ಅಕ್ಷರ, 0 ಇಂದ 9ರ ಅಂಕಿ ಬಿಟ್ಟು ಉಳಿದುದರ ಜಾಗದಲ್ಲಿ ಅಡ್ಡಗೆರೆ ಹಾಕು, ತುದಿಗಳ ಗೆರೆ ಕತ್ತರಿಸು. ಇಂಗ್ಲಿಷ್ ಶೀರ್ಷಿಕೆಗೆ ಇದು ಅಚ್ಚುಕಟ್ಟು. ‘ದಸರಾ 2024’ ಎಂದು ಕೊಟ್ಟರೆ ಉಳಿಯುವುದು ‘2024’ ಮಾತ್ರ. ‘ರಾಜ್ಯೋತ್ಸವ 2024’ ಕೊಟ್ಟರೂ ಅದೇ. ‘ಮಳೆಗಾಲದ ಅಡುಗೆ’ ಎಂದರೆ ಏನೂ ಉಳಿಯುವುದಿಲ್ಲ, ಖಾಲಿ. ಎರಡು ಲೇಖನಕ್ಕೆ ಒಂದೇ ವಿಳಾಸವಾಗಿ ಒಂದರ ಮೇಲೊಂದು ಕೂತ ದಿನ ತಪ್ಪು ಹುಡುಕುವವರು ಡೇಟಾಬೇಸನ್ನು ಬೈಯುತ್ತಾರೆ, ಈ ಸಾಲಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಯುನಿಕೋಡ್ ಗೊತ್ತಿದ್ದವರು ‘ಯಾವ ಭಾಷೆಯ ಅಕ್ಷರವಾದರೂ ಇರಲಿ’ ಎಂದು ಸಾಲನ್ನು ತಿದ್ದುತ್ತಾರೆ. ಆಗ ‘ಮಳೆಗಾಲ’ ಎಂಬುದು ‘ಮಳ-ಗ-ಲ’ ಆಗುತ್ತದೆ, ‘ಕನ್ನಡ’ ಎಂಬುದು ‘ಕನ-ನಡ’! ಯುನಿಕೋಡಿನ ವರ್ಗೀಕರಣದಲ್ಲಿ ಎತ್ವ, ದೀರ್ಘ, ವಿರಾಮ ಇವು ಅಕ್ಷರಗಳಲ್ಲ, ಅಕ್ಷರಕ್ಕೆ ಅಂಟುವ ಚಿಹ್ನೆಗಳು. ಆ ಗುಂಪನ್ನೂ ಬೇರೆಯಾಗಿ ಸೇರಿಸಬೇಕು. ಸೇರಿಸಿದರೆ ಮುಗಿಯಿತೆ? ‘ವೆಬ್‌ಸೈಟ್’ ಎಂದು ಬರೆಯುವಾಗ ಬಕಾರದ ಕೆಳಗೆ ಸಕಾರ ಒತ್ತಾಗಿ ಇಳಿಯದಂತೆ ನಡುವೆ ಕಾಣದ ಬೇರ್ಪಡಿಕೆ ಚಿಹ್ನೆಯೊಂದನ್ನು ಕೀಲಿಮಣೆ ಇಟ್ಟಿರುತ್ತದೆ. ಅದು ಅಕ್ಷರವೂ ಅಲ್ಲ, ಚಿಹ್ನೆಯ ಗುಂಪಿನದೂ ಅಲ್ಲ. ಹಾಗಾಗಿ ಅಲ್ಲೊಂದು ಅಡ್ಡಗೆರೆ ಮೂಡುತ್ತದೆ. ಇದನ್ನೆಲ್ಲ ದಾಟಿ ಬಂದ ಕನ್ನಡ ವಿಳಾಸ ಜಾಲದಲ್ಲಿ ಪ್ರಯಾಣ ಮಾಡುವಾಗ ಶೇಕಡಾ ಚಿಹ್ನೆಗಳ ವೇಷ ಹಾಕುತ್ತದೆ. ಒಂದೊಂದು ಸಂಕೇತಕ್ಕೆ ಮೂರು ಬೈಟ್, ಒಂದೊಂದು ಬೈಟಿಗೆ ಮೂರು ಅಕ್ಷರ. ‘ಕನ್ನಡ’ ಎಂಬ ಪದದೊಳಗಿನ ಐದು ಸಂಕೇತಗಳು ನಲವತ್ತೈದು ಅಕ್ಷರಗಳಾಗುತ್ತವೆ. ವರ್ಡ್‌ಪ್ರೆಸ್ ಈ ತುಂಡಿಗೆ ಕೊಡುವ ಜಾಗ 200. ಅಂದರೆ ಇಪ್ಪತ್ತೆರಡು ಸಂಕೇತ ದಾಟಿದ ಕನ್ನಡ ಶೀರ್ಷಿಕೆಯ ಬಾಲ ಕತ್ತರಿಸಿ ಹೋಗುತ್ತದೆ. ಎಷ್ಟೋ ಕನ್ನಡ ತಾಣಗಳು ವಿಳಾಸವನ್ನು ಇಂಗ್ಲಿಷ್ ಲಿಪಿಯಲ್ಲಿ ಕೈಯಾರೆ ಬರೆಯುವುದನ್ನು ಭಾಷಾಭಿಮಾನದ ಕೊರತೆ ಎಂದು ದೂರುವ ಮೊದಲು ಈ ಲೆಕ್ಕವನ್ನು ನೋಡುವುದು ಒಳ್ಳೆಯದು.

ಇದಕ್ಕೆ ತದ್ವಿರುದ್ಧವಾದ, ಇನ್ನೂ ಸೋಜಿಗದ ಪ್ರಸಂಗ ಮೈಎಸ್‌ಕ್ಯೂಎಲ್‌ನದು. ಹಳೆಯ ಸೆಟಪ್ ಟಿಪ್ಪಣಿಗಳಲ್ಲಿ ‘ಕನ್ನಡ ಸರಿಯಾಗಿ ಉಳಿಯಬೇಕಾದರೆ ಟೇಬಲ್ಲಿಗೆ ಯುಟಿಎಫ್8 ಕೊಡಿ’ ಎಂದಿರುತ್ತದೆ. ಕೊಟ್ಟರೆ ಉಳಿಯುತ್ತದೆ ಕೂಡ. ಆದರೆ ಮೈಎಸ್‌ಕ್ಯೂಎಲ್ ಆ ಹೆಸರಿನಲ್ಲಿ ಕೊಡುತ್ತಿದ್ದುದು ಪೂರ್ತಿ ಯುಟಿಎಫ್-8 ಆಗಿರಲಿಲ್ಲ. ಒಂದು ಸಂಕೇತಕ್ಕೆ ಗರಿಷ್ಠ ಮೂರು ಬೈಟ್. ಕನ್ನಡಕ್ಕೆ ಬೇಕಾಗುವುದು ಸರಿಯಾಗಿ ಮೂರು, ಹಾಗಾಗಿ ನಮ್ಮವರಿಗೆ ಕೊರತೆ ಕಾಣಲೇ ಇಲ್ಲ. ಓದುಗರು ಪ್ರತಿಕ್ರಿಯೆಯಲ್ಲಿ ಕೈಮುಗಿಯುವ ಇಮೋಜಿ ಹಾಕಲು ಶುರುಮಾಡಿದಾಗ ಬಣ್ಣ ಬಯಲಾಯಿತು. ಇಮೋಜಿಗೆ ನಾಲ್ಕು ಬೈಟ್ ಬೇಕು. ಕಟ್ಟುನಿಟ್ಟಿನ ಮೋಡಿನಲ್ಲಿ ಎರರ್ ಬರುತ್ತಿತ್ತು, ಸಡಿಲ ಮೋಡಿನಲ್ಲಿ ಇಮೋಜಿಯಿಂದ ಆಚೆಗಿನ ಬರಹವೆಲ್ಲ ಸದ್ದಿಲ್ಲದೆ ಮಾಯವಾಗುತ್ತಿತ್ತು. ನಾಲ್ಕು ಬೈಟಿನ ಯುಟಿಎಫ್8ಎಂಬಿ4 ಎಂಬುದು 2010ರಲ್ಲೇ, 5.5.3ನೇ ಆವೃತ್ತಿಯಲ್ಲಿ ಬಂದಿತ್ತು, 2018ರ 8.0ರಿಂದ ಅದೇ ಮಾಮೂಲು ಆಯ್ಕೆಯಾಯಿತು. ‘ಕೆಲಸ ಮಾಡುತ್ತದೆ’ ಎಂದು ಬರೆದ ಟಿಪ್ಪಣಿಗೂ ‘ಮೂರು ಬೈಟಿನವರೆಗೆ ಕೆಲಸ ಮಾಡುತ್ತದೆ’ ಎಂದು ಬರೆದ ಟಿಪ್ಪಣಿಗೂ ಇರುವ ದೂರ ಇದು.

ಇಷ್ಟು ಹೇಳಿದಾಗ ಬರುವ ಮೊದಲ ಆಕ್ಷೇಪ: ‘ಸಾವಿರಾರು ಜನ ಬಳಸಿ ನೋಡಿ ಮೆಚ್ಚಿದ ಉತ್ತರವನ್ನೇ ತಾನೆ ತಂದದ್ದು? ಕಾರಣ ಹುಡುಕುತ್ತ ಕೂರುವ ಅಗತ್ಯ ಏನು?’ ಸ್ಟಾಕ್ ಓವರ್‌ಫ್ಲೋ ಶುರುವಾದದ್ದು 2008ರಲ್ಲಿ. ಅದಿಲ್ಲದೆ ಒಂದು ತಲೆಮಾರಿನ ವೆಬ್ ಕೆಲಸವೇ ಆಗುತ್ತಿರಲಿಲ್ಲ ಎಂದರೆ ಅತಿಶಯೋಕ್ತಿಯಲ್ಲ. ಆದರೆ ಅದೇ ತಾಣದ ಒಂದು ಪ್ರಸಿದ್ಧ ಉತ್ತರದ ಕಥೆ ನೋಡಿ. ಬೈಟುಗಳ ದೊಡ್ಡ ಸಂಖ್ಯೆಯನ್ನು ಕಿಲೋಬೈಟ್, ಮೆಗಾಬೈಟ್ ಎಂದು ಓದುವಂತೆ ತೋರಿಸುವ ಜಾವಾ ತುಣುಕು ಅದು, 2010ರದು. ಅಲ್ಲಿಂದ ಅತಿ ಹೆಚ್ಚು ನಕಲಾದ ಜಾವಾ ತುಣುಕು ಅದೇ ಎಂದು 2018ರ ಒಂದು ಸಂಶೋಧನಾ ಪ್ರಬಂಧ ತೋರಿಸಿತು. ಮರುವರ್ಷ ಅದನ್ನು ಬರೆದವರೇ ಮುಂದೆ ಬಂದು ಅದರಲ್ಲಿ ದೋಷವಿದೆ ಎಂದರು. 9,99,999 ಬೈಟ್ ಕೊಟ್ಟರೆ ಅದು ‘1 ಮೆಗಾಬೈಟ್’ ಎನ್ನುವ ಬದಲು ‘1000.0 ಕಿಲೋಬೈಟ್’ ಎನ್ನುತ್ತಿತ್ತು. ಲಾಗರಿದಮ್ ಹಿಡಿದು ‘ಇನ್ನೂ ಹತ್ತು ಲಕ್ಷ ಆಗಿಲ್ಲ, ಆದ್ದರಿಂದ ಕಿಲೋ’ ಎಂದು ಮೊದಲೇ ನಿರ್ಧರಿಸಿ, ಆಮೇಲೆ 999.999ನ್ನು ಒಂದು ದಶಮಾಂಶಕ್ಕೆ ಇಳಿಸಿದ್ದರ ಫಲ. ಸಣ್ಣ ತಪ್ಪೇ, ಯಾರ ಬ್ಯಾಂಕ್ ಖಾತೆಯೂ ಖಾಲಿಯಾಗುವುದಿಲ್ಲ. ಆದರೆ ಸಾವಿರಾರು ಕಣ್ಣುಗಳ ಮುಂದೆ ಒಂಬತ್ತು ವರ್ಷ ಅದು ನಿಂತಿತ್ತು. ನೋಡಿದವರು ಸಾವಿರಾರು ಮಂದಿ ನಿಜ. ಅಷ್ಟೂ ಜನ ನೋಡಿದ್ದು ಉತ್ತರದ ಪಕ್ಕದ ಅಂಕವನ್ನು. ಅಲ್ಲಿಂದ ತಂದದ್ದರ ಪಕ್ಕದಲ್ಲಿ ಮೂಲ ಉತ್ತರದ ಕೊಂಡಿಯನ್ನಾದರೂ ಇಟ್ಟಿದ್ದವರಿಗೆ ತಿದ್ದುಪಡಿ ಆಗಿದೆಯೇ ಎಂದು ಹೋಗಿ ನೋಡುವ ದಾರಿ ಇತ್ತು. ಮೂಲವನ್ನು ಹೆಸರಿಸಬೇಕೆಂಬುದು ಆ ತಾಣದ ಲೈಸೆನ್ಸಿನ ಷರತ್ತೂ ಹೌದು. ಅದನ್ನು ಪಾಲಿಸುವವರು ಎಷ್ಟು ಜನ ಎಂದು ಕೇಳಬಾರದು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿ: ‘ಗಿಟ್ ಇದೆಯಲ್ಲ, ಪ್ರತಿ ಸಾಲಿನ ಚರಿತ್ರೆಯೂ ಅಲ್ಲಿದೆ.’ ಯಾರು, ಯಾವಾಗ ಎಂಬುದನ್ನು ಗಿಟ್ ಖಂಡಿತ ಹೇಳುತ್ತದೆ. ಯಾಕೆ ಎಂಬುದು ಕಮಿಟ್ ಸಂದೇಶದಲ್ಲಿ ಬರೆದಿದ್ದರೆ ಮಾತ್ರ ಸಿಗುತ್ತದೆ. ಅಲ್ಲಿ ‘ಫಿಕ್ಸ್’, ‘ಫೈನಲ್ ಫಿಕ್ಸ್’, ‘ಈ ಸಲ ನಿಜವಾಗಿ ಫೈನಲ್’ ಎಂದಿದ್ದರೆ ಚರಿತ್ರೆ ಇದ್ದೂ ಇಲ್ಲ. ಅಲ್ಲದೆ ಸೆಟಪ್ ಟಿಪ್ಪಣಿಗಳ ಬಹುಪಾಲು ಯಾವ ಪ್ರಾಜೆಕ್ಟಿನೊಳಗೂ ಇರುವುದಿಲ್ಲ, ಟರ್ಮಿನಲ್ಲಿನಲ್ಲಿ ಹುಟ್ಟಿ ಅಲ್ಲೇ ಹೋಗುತ್ತವೆ. ಇನ್ನು ಅಧಿಕೃತ ಕೈಪಿಡಿಗಳು ಇವೆಯಲ್ಲ ಎನ್ನುವವರಿಗೆ ಚಿಕ್ಕ ಉತ್ತರ: ಕೈಪಿಡಿ ಆ ಸಾಧನ ಏನು ಮಾಡಬಲ್ಲದು ಎಂದು ಹೇಳುತ್ತದೆ, ನಿಮ್ಮ ಸರ್ವರಿನಲ್ಲಿ ಆ ರಾತ್ರಿ ಏನು ಕೆಟ್ಟಿತ್ತು ಎಂದು ಹೇಳುವುದಿಲ್ಲ. ಟಿಪ್ಪಣಿಗೆ ದಿನಾಂಕ ಬೇಕೆನ್ನುವುದೂ ಇದೇ ಕಾರಣಕ್ಕೆ. ಗಿಟ್‌ಹಬ್ 2020ರ ಅಕ್ಟೋಬರಿನಿಂದ ಹೊಸ ರೆಪಾಸಿಟರಿಗಳ ಮುಖ್ಯ ಶಾಖೆಯನ್ನು ಮಾಸ್ಟರ್ ಬದಲು ಮೇನ್ ಎಂದು ಕರೆಯತೊಡಗಿತು; 2021ರ ಆಗಸ್ಟ್ 13ರಿಂದ ಕೋಡ್ ಕಳಿಸುವಾಗ ಖಾತೆಯ ಪಾಸ್‌ವರ್ಡ್ ಒಪ್ಪುವುದನ್ನು ನಿಲ್ಲಿಸಿತು. 2019ರದು ಎಂದು ತಲೆಯ ಮೇಲೆ ಬರೆದ ಟಿಪ್ಪಣಿ ಹಿಡಿದು ಕೂತವರಿಗೆ ಎಲ್ಲಿ ಅನುಮಾನ ಪಡಬೇಕೆಂದು ಗೊತ್ತಿರುತ್ತದೆ. ದಿನಾಂಕವಿಲ್ಲದ್ದನ್ನು ಹಿಡಿದವರು ತಮ್ಮ ಪಾಸ್‌ವರ್ಡೇ ತಪ್ಪೇನೋ ಎಂದು ಅದನ್ನು ಬದಲಿಸುತ್ತ ಕೂರುತ್ತಾರೆ.

ಅಂಟಿಸುವ ಗೋಜೇ ಬೇಡ, ಪ್ರತಿಯೊಂದಕ್ಕೂ ಪ್ಯಾಕೇಜ್ ಹಾಕಿಕೊಳ್ಳೋಣ ಎನ್ನುವವರೂ ಇದ್ದಾರೆ. ಅವರಿಗೆ 2016ರ ಮಾರ್ಚ್ 22 ನೆನಪಿರಬೇಕು. ಪದದ ಎಡಕ್ಕೆ ಖಾಲಿ ಜಾಗವನ್ನೋ ಸೊನ್ನೆಯನ್ನೋ ತುಂಬುವ, ಹನ್ನೊಂದು ಸಾಲಿನ ಲೆಫ್ಟ್-ಪ್ಯಾಡ್ ಎಂಬ ಪ್ಯಾಕೇಜನ್ನು ಅದರ ಕರ್ತೃ ಎನ್‌ಪಿಎಂನಿಂದ ತೆಗೆದುಬಿಟ್ಟಾಗ ಬೇಬಲ್ ಅಂಥ ದೊಡ್ಡ ಸಾಧನಗಳನ್ನು ನೆಚ್ಚಿದವರ ಬಿಲ್ಡ್‌ಗಳು ಲೋಕದಾದ್ಯಂತ ಮುರಿದವು. ಎನ್‌ಪಿಎಂ ಅದನ್ನು ಮರಳಿ ಕೂರಿಸಬೇಕಾಯಿತು. ಹನ್ನೊಂದು ಸಾಲನ್ನು ಅರ್ಥ ಮಾಡಿಕೊಂಡು, ಕಾರಣ ಬರೆದು, ತಮ್ಮ ಫೈಲಿನಲ್ಲೇ ಇಟ್ಟುಕೊಂಡವರಿಗೆ ಆ ದಿನ ಎಂದಿನಂತೆ ಕಳೆದಿರುತ್ತದೆ.

ಈಗಿನ ಕಾಲದ ಆಕ್ಷೇಪ ಬೇರೆ: ‘ಕೇಳಿದರೆ ಎಐ ಬರೆದುಕೊಡುತ್ತದೆ, ಇನ್ನು ಟಿಪ್ಪಣಿ ಯಾಕೆ?’ ಸಾಲಿನ ಮಟ್ಟಿಗೆ ಇದು ಸರಿಯೇ. ಟಾರ್ ಬಿಚ್ಚುವ ಆಜ್ಞೆಯನ್ನು ಬರೆದಿಟ್ಟುಕೊಳ್ಳುವ ಅಗತ್ಯ ನಿಜಕ್ಕೂ ಕಡಿಮೆಯಾಗಿದೆ, ಅದರಲ್ಲಿ ಯಾರಿಗೂ ದುಃಖವಿಲ್ಲ. ಆದರೆ ಆ ಯಂತ್ರಗಳು ಕಲಿತದ್ದು ಇದೇ ಹಳೆಯ ಉತ್ತರಗಳನ್ನೂ ಸೇರಿಸಿ ಓದಿ. ಕೇಳುವ ರೀತಿ ಸ್ವಲ್ಪ ಸಡಿಲವಾದರೆ ಹಳೆಯ ಕಾಲದ ಸಾಲನ್ನು ಹೊಸ ಕಾಲದ ಆತ್ಮವಿಶ್ವಾಸದಲ್ಲಿ ಕೊಡುತ್ತವೆ; ಕನ್ನಡ ಶೀರ್ಷಿಕೆಯ ಬಗ್ಗೆ ನೀವಾಗಿ ಹೇಳದಿದ್ದರೆ ಎ ಇಂದ ಝಡ್‌ವರೆಗಿನ ಅದೇ ಸ್ಲಗ್ ಎದುರಿಗೆ ಬರಬಹುದು. ನಿಮ್ಮ ಸರ್ವರಿನಲ್ಲಿ ಓಡುತ್ತಿರುವ ಆವೃತ್ತಿ, ನಿಮ್ಮ ಗ್ರಾಹಕರ ಕಚೇರಿಯಲ್ಲಿ ಇನ್ನೂ ಉಸಿರಾಡುತ್ತಿರುವ ಹಳೆಯ ಯಂತ್ರ, ಕಳೆದ ಸಲ ಇದೇ ಪರಿಹಾರ ಯಾಕೆ ಕೈಕೊಟ್ಟಿತು ಎಂಬ ಸಂಗತಿ, ಇವು ನೀವು ಬರೆದು ಕೊಟ್ಟರೆ ಮಾತ್ರ ಅದಕ್ಕೆ ಗೊತ್ತಾಗುತ್ತವೆ. ಹಾಗೆ ಬರೆದು ಕೊಡುವುದಕ್ಕೂ ಎಲ್ಲೋ ಒಂದು ಕಡೆ ಅದು ಬರೆದಿರಬೇಕಲ್ಲ.

ಸಮಯ ಎಲ್ಲಿದೆ ಎಂಬ ಪ್ರಶ್ನೆಗೆ ವಾದದಿಂದ ಉತ್ತರ ಕೊಡಲಾಗದು. ಹೊಸ ಎಚ್‌ಟಿಎಂಎಲ್ ಪುಟದ ತಲೆಗೆ ಎಲ್ಲರೂ ಅಂಟಿಸುವ ನಾಲ್ಕಾರು ಸಾಲುಗಳಿಂದ ಶುರುಮಾಡಿ ನೋಡಬಹುದು. ಎಕ್ಸ್-ಯುಎ-ಕಂಪ್ಯಾಟಿಬಲ್ ಎಂಬ ಮೆಟಾ ಟ್ಯಾಗ್ ಇದ್ದರೆ, ಅದು ಇಂಟರ್ನೆಟ್ ಎಕ್ಸ್‌ಪ್ಲೋರರಿಗೆ ‘ನಿನ್ನ ಹೊಸ ವೇಷದಲ್ಲೇ ಬಾ’ ಎಂದು ಹೇಳಲು ಇದ್ದದ್ದು, ಕೇಳುವವರಿಲ್ಲ, ತೆಗೆಯಬಹುದು. ವ್ಯೂಪೋರ್ಟ್ ಸಾಲು ಐಫೋನಿನ ಜೊತೆ 2007ರಲ್ಲಿ ಬಂದದ್ದು. ಅದಿಲ್ಲದಿದ್ದರೆ ಫೋನಿನ ಬ್ರೌಸರ್ ಪುಟವನ್ನು ಕಂಪ್ಯೂಟರಿನದೆಂದು ತಿಳಿದು 980 ಪಿಕ್ಸೆಲ್ ಅಗಲಕ್ಕೆ ಹಾಸಿ, ಇರುವೆಯಷ್ಟು ಅಕ್ಷರ ತೋರಿಸುತ್ತದೆ. ಹಾಗಾಗಿ ಅದು ಇರಲೇಬೇಕು. ಆದರೆ ಅದರ ಬಾಲದಲ್ಲಿ ಬಹಳ ಕಡೆ ‘ಯೂಸರ್-ಸ್ಕೇಲೆಬಲ್ = ನೋ’ ಎಂದು ಇರುತ್ತದೆ, ಅಂದರೆ ಓದುಗ ಬೆರಳಿನಿಂದ ಹಿಗ್ಗಿಸಿ ನೋಡಬಾರದು ಎಂದು. ಯಾರೋ ಯಾವುದೋ ಆಟದ ಪುಟಕ್ಕೋ ಮ್ಯಾಪಿಗೋ ಬರೆದಿದ್ದು ಸುದ್ದಿಯ ಪುಟಕ್ಕೂ ಬಂದು ಕೂತಿರುತ್ತದೆ. ಆಪಲ್ 2016ರ ಐಒಎಸ್ 10ರಿಂದ ತನ್ನ ಸಫಾರಿಯಲ್ಲಿ ಅದನ್ನು ಲೆಕ್ಕಿಸುವುದನ್ನೇ ಬಿಟ್ಟಿತು. ಬೇರೆ ಫೋನುಗಳಲ್ಲಿ ಆ ಬಾಲ ಇನ್ನೂ ಜೀವಂತವಾಗಿರಬಹುದು, ಕನ್ನಡದ ಒತ್ತಕ್ಷರವನ್ನು ಸ್ವಲ್ಪ ದೊಡ್ಡದು ಮಾಡಿ ಓದಬೇಕಾದ ಮಂದಗಣ್ಣಿನವರ ಬೆರಳನ್ನು ತಡೆಯುತ್ತಿರಬಹುದು. ಸಾಲಿನ ಮೊದಲರ್ಧ ಉಳಿಸಿ, ಅಲ್ಪವಿರಾಮದಿಂದಾಚೆಗಿನ ಆ ಬಾಲವನ್ನು ಅಳಿಸಲು ಕೆಲವೇ ಸೆಕೆಂಡು ಸಾಕು. ಯಾಕೆ ಅಳಿಸಿದ್ದು ಎಂದು ಕಮಿಟ್ ಸಂದೇಶದಲ್ಲಿ ಬರೆಯಲು ಇನ್ನೊಂದು ನಿಮಿಷ.